ಗಿಫ್ಟ್ ಎಂಬ ಪದ, ಒಂದು ಮೇಜುಬಟ್ಟೆ

ನಮ್ಮ ಕಚೇರಿಯ ಜರ್ಮನ್ ಸಹೋದ್ಯೋಗಿಯ ಹುಟ್ಟುಹಬ್ಬಕ್ಕೆ ನಾವು ಕೊಟ್ಟ ಚೀಲದ ಮೇಲೆ ‘ಗಿಫ್ಟ್’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ನನ್ನನ್ನು ಮುಗಿಸೋದು ಅಂತ ಯಾವಾಗ ತೀರ್ಮಾನ ಮಾಡಿದ್ರಿ?” ಎಂದರು. ಅವರ ಭಾಷೆಯಲ್ಲಿ ಆ ಪದಕ್ಕೆ ವಿಷ ಎಂದರ್ಥವಂತೆ. ಪಕ್ಕದಲ್ಲಿದ್ದ ನನ್ನ ಸ್ವೀಡಿಷ್ ಗೆಳತಿ ನಕ್ಕು, ತಮ್ಮಲ್ಲಿ ವಿಷಕ್ಕೂ ಅದೇ ಪದ, ಮದುವೆಯಾದವರಿಗೂ ಅದೇ ಪದ ಎಂದಳು.

“ಹಾಗಾದ್ರೆ ನಿಮ್ಮವರು ಅನುಭವಸ್ಥರು ಬಿಡು,” ಎಂದರು ಜರ್ಮನಿಯವರು. ಅವಳು ಅವರ ತಟ್ಟೆಯಿಂದ ಒಂದು ಸಮೋಸ ಕಿತ್ತುಕೊಂಡಳು. ನೈರೋಬಿಯವರೇ ಆದ ಒಬ್ಬ ಶಾಲಾ ಮೇಷ್ಟರ ಜೊತೆ ಅವಳ ಮದುವೆ ಆಗಲೇ ನಿಶ್ಚಯವಾಗಿತ್ತು.

ನೈರೋಬಿಯ ಆ ಸಂಸ್ಥೆಯಲ್ಲಿ ವರದಿಗಳ ಭಾಷೆ ತಿದ್ದುವುದು ನನ್ನ ಕೆಲಸ. ಆದ್ದರಿಂದ ಆ ಮಧ್ಯಾಹ್ನವೆಲ್ಲ ಪದ ತಲೆಯಲ್ಲೇ ಉಳಿಯಿತು. ಎಲ್ಲ ಅರ್ಥಗಳ ಬುಡದಲ್ಲೂ ಇರುವುದು ‘ಕೊಡು’ ಎಂಬ ಒಂದೇ ಕ್ರಿಯೆ. ಜರ್ಮನ್‌ನಲ್ಲಿ ಉಡುಗೊರೆಯ ಅರ್ಥ ಸವೆದುಹೋಗಿ, ವರದಕ್ಷಿಣೆಯನ್ನು ಹೇಳುವ ಪದದ ಬಾಲವಾಗಿ ಮಾತ್ರ ಉಳಿದಿದೆ. ನನಗೆ ಇದು ವಿಚಿತ್ರ ಎನಿಸಲಿಲ್ಲ. ನಾವೂ ಅಕ್ಕನನ್ನು ಹಾಸನದ ಕಡೆಗೆ ‘ಕೊಟ್ಟವರೇ’. ಔಷಧಿ ಕೊಡುತ್ತೇವೆ, ವಿಷವನ್ನೂ ಕೊಡುತ್ತೇವೆ. ‘ಮದ್ದು’ ಎಂದರೆ ಯಾವುದು ಎಂಬುದು ಕೊಟ್ಟವರ ಮನಸ್ಸಿಗೆ ಸೇರಿದ್ದು.

ಈ ಊರಿನಲ್ಲಿ ನನಗಿದ್ದ ಒಬ್ಬಳೇ ಗೆಳತಿ ಆ ಸ್ವೀಡಿಷ್ ಹುಡುಗಿ. ಮಲೇರಿಯಾ ಬಂದು ಅವಳು ಆಸ್ಪತ್ರೆ ಸೇರಿದಾಗ ನಾನು ಕೆಲವು ದಿನ ಪಕ್ಕದಲ್ಲಿ ಕೂತಿದ್ದೆ. ಹೆಚ್ಚು ಮಾತಾಡಿರಲಿಲ್ಲ. ಅದೇ ತನಗೆ ಬೇಕಾಗಿತ್ತು ಎಂದು ಆಮೇಲೆ ಹೇಳಿದಳು.

ದೀಪಾವಳಿಗೆ ಕಚೇರಿಯವರನ್ನೆಲ್ಲ ಮನೆಗೆ ಕರೆದೆವು. ಭಾವನಿಗೆ ಬ್ಯಾಂಕಿನಿಂದ ಇಲ್ಲಿಗೆ ಪೋಸ್ಟಿಂಗ್ ಆಗಿದೆ. ನಾನು ಅಕ್ಕ-ಭಾವನ ಜೊತೆಗೇ ಇರುವುದು. ಗೆಳತಿ ಕಂದು ಕಾಗದದಲ್ಲಿ ಸುತ್ತಿ ಕೆಂಪು ದಾರ ಕಟ್ಟಿದ ಪೊಟ್ಟಣವನ್ನು ನನ್ನ ಕೈಗಿತ್ತಳು. ಕೊಟ್ಟವರ ಎದುರಿಗೆ ಬಿಚ್ಚುವುದು ನಮ್ಮಲ್ಲಿ ಆಸೆಬುರುಕತನ. ಒಳಗೇನಿದೆ ಎಂದು ಕೈಗೆ ತಿಳಿಯುವ ಮೊದಲೇ ಅಕ್ಕ ಅದನ್ನೂ ಉಳಿದವರು ತಂದದ್ದನ್ನೂ ಒಟ್ಟಿಗೆ ಒಳಗೆ ಒಯ್ದಳು. ಮರುದಿನ ನನ್ನ ಗೆಳತಿ ಕೊಟ್ಟದ್ದು ಏನು ಎಂದು ಕೇಳಿದಾಗ, “ಬಿಸ್ಕೆಟ್ ಡಬ್ಬ ಇದೆ ನೋಡು, ನಿನ್ನ ಆಫೀಸಿನವರದ್ದೇ,” ಎಂದಳು. ಬಿಸ್ಕೆಟ್ ನಿಜಕ್ಕೂ ಚೆನ್ನಾಗಿತ್ತು. ಸೋಮವಾರ ಗೆಳತಿಗೆ, ಮನೆಯವರಿಗೆಲ್ಲ ತುಂಬ ಇಷ್ಟವಾಯಿತು ಎಂದೆ. ಅವಳ ಕಣ್ಣು ತುಂಬಿಕೊಂಡಿತು. ಬಿಸ್ಕೆಟ್ಟಿಗೆ ಯಾಕೆ ಇಷ್ಟು ಎಂದುಕೊಂಡೆ, ಕೇಳಲಿಲ್ಲ.

ಅವಳ ಮದುವೆಗೆಂದು ಮೈಸೂರಿನಿಂದ ರೇಷ್ಮೆ ಶಾಲು ತರಿಸಿದ್ದೆ. ಅದು ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿತು.

“ಬರಿಗೈಲಿ ಹೋಗ್ತೀಯೇನೇ?” ಎಂದಳು ಅಕ್ಕ. “ಬೀರುವಿನಲ್ಲಿ ಒಂದು ಒಳ್ಳೇದಿದೆ. ಪ್ಯಾಕ್ ಮಾಡಿಟ್ಟಿದೀನಿ, ತಗೊಂಡು ಹೋಗು.”

“ಏನಿದೆ ಅದರಲ್ಲಿ?”

“ಯಾರೋ ಕೊಟ್ಟಿದ್ದು ಕಣೇ. ಮೆತ್ತಗಿದೆ, ಬೆಡ್‌ಶೀಟ್ ಇರ್ಬೇಕು. ಬಿಚ್ಚಿಬಿಟ್ರೆ ಕೊಡೋಕೆ ಬರುತ್ತಾ?”

ಇಲ್ಲಿಯ ಕನ್ನಡದ ಮನೆಗಳಲ್ಲಿ ಇದು ಹೊಸದಲ್ಲ. ಯಾರೂ ಹೊಲಿಸದ ಅದೇ ರವಿಕೆ ಕಣ ಕುಂಕುಮದ ಜೊತೆ ಮನೆಯಿಂದ ಮನೆಗೆ ತಿರುಗುತ್ತದೆ. ಎಲ್ಲರಿಗೂ ಗೊತ್ತಿರುತ್ತದೆ, ಯಾರಿಗೂ ಬೇಜಾರಿಲ್ಲ. ನಾನು ಬೆಳ್ಳಿಬಣ್ಣದ ಪೊಟ್ಟಣ ಹಿಡಿದು ಟ್ಯಾಕ್ಸಿ ಹತ್ತಿದೆ.

ಮದುವೆ ಊರಂಚಿನ ಕರೆನ್ ಬಡಾವಣೆಯ ಒಂದು ತೋಟದಲ್ಲಿ. ಊಟವಾದ ಮೇಲೆ ಹೆಣ್ಣುಗಂಡು ಉಡುಗೊರೆಗಳನ್ನು ಎಲ್ಲರ ಎದುರಿಗೇ ಬಿಚ್ಚತೊಡಗಿದರು. ಅದು ಅವಳ ಕಡೆಯ ಪದ್ಧತಿಯಂತೆ. ಹೆಸರು ಓದುವುದು, ಬಿಚ್ಚುವುದು, ಎತ್ತಿ ತೋರಿಸುವುದು. ನನ್ನ ಹೆಸರು ಓದಿ ಅವಳು ನನ್ನತ್ತ ನೋಡಿ ನಕ್ಕಳು. ಬೆಳ್ಳಿ ಕಾಗದ ಹರಿಯಿತು. ಒಳಗೆ ಕಂದು ಕಾಗದವಿತ್ತು. ಅದರ ಮೇಲೆ ಕೆಂಪು ದಾರ, ಅವಳದೇ ಗಂಟು.

ಅವಳ ಕೈ ನಿಂತಿತು. ನಾನು ಅರ್ಧ ಎದ್ದು ಮತ್ತೆ ಕೂತೆ. ಅವಳು ನಿಧಾನವಾಗಿ ಗಂಟು ಬಿಡಿಸಿದಳು. ನೀಲಿ ಅಂಚಿನ ಬಿಳಿಯ ಮೇಜುಬಟ್ಟೆ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಅವಳ ತಾಯಿ ಚಪ್ಪಾಳೆ ತಟ್ಟಲಿಲ್ಲ. ಬಟ್ಟೆಯನ್ನು ನೋಡಿದರು, ಮಗಳನ್ನು ನೋಡಿದರು.

ಆಮೇಲೆ ಅವಳೇ ನನ್ನ ಬಳಿ ಬಂದಳು. “ನನ್ನ ಅಜ್ಜಿ ನೇಯ್ದದ್ದು. ನಿನಗೆ ಇಷ್ಟ ಆಯಿತು ಅಂದೆಯಲ್ಲ?”

“ನಾನು ಅದನ್ನ ನೋಡೇ ಇರಲಿಲ್ಲ.”

“ಮತ್ತೆ ಇಷ್ಟ ಆಗಿದ್ದು ಏನು?”

“ಬಿಸ್ಕೆಟ್.”

ಸತ್ಯವೇ ಆದರೂ ಹೇಳುವಾಗ ಎಷ್ಟು ಕೆಟ್ಟದಾಗಿ ಕೇಳಿಸಿತು. ಬಿಸ್ಕೆಟ್ ತಂದ ಜರ್ಮನಿಯವರು ಹಿಂದೆಯೇ ನಿಂತಿದ್ದರು. ಸದಾ ತಮಾಷೆ ಮಾಡುವ ಅವರೂ ತಲೆ ತಗ್ಗಿಸಿಕೊಂಡು ಆಚೆ ಹೋದರು. ಗೆಳತಿ, “ಸರಿ,” ಎಂದಳು. ಮತ್ತೆ ಯಾರೋ ಫೋಟೋಗೆ ಕರೆದರು.

ಮನೆಯಲ್ಲಿ ಅಕ್ಕ ಇದನ್ನು ಕೇಳಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ, “ಹೋಗಲಿ, ಅವಳದ್ದು ಅವಳಿಗೇ ಸೇರ್ತಲ್ಲ,” ಎಂದಳು. ನಾನು ಎದ್ದು ನನ್ನ ಕೋಣೆಗೆ ಹೋದೆ.

ಮದುವೆಯ ರಜೆ ಮುಗಿಸಿ ಬಂದ ಗೆಳತಿ ಕಚೇರಿಯ ಊಟದ ಮೇಜಿನಲ್ಲಿ ಎಂದಿನಂತೆ ನನ್ನ ಎದುರಿಗೇ ಕೂತಳು. ವರದಿಗಳ ಬಗ್ಗೆ ಮಾತಾಡಿದಳು. ಹೊರಗಿನವರೊಡನೆ ಮಾತಾಡುವಾಗ ಅವಳು ಬಳಸುವ ಮರ್ಯಾದೆಯ ದನಿ ಅದು. ವಾರವಿಡೀ ಹೀಗೇ ನಡೆಯಿತು. ಬಾಯಿಬಿಟ್ಟು ಕೇಳಿ ಪಡೆಯುವುದು ನನ್ನ ಜಾಯಮಾನವಲ್ಲ. ಚಿಕ್ಕವಳಿದ್ದಾಗಲೂ ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಆದರೂ ಶುಕ್ರವಾರ ಕಾಫಿ ಯಂತ್ರದ ಬಳಿ ಅವಳೊಬ್ಬಳೇ ಇದ್ದಾಗ ಕೇಳಿದೆ.

“ಆ ಬಟ್ಟೆ ನನಗೆ ಬೇಕು. ಇನ್ನೊಂದು ಸಲ ಕೊಡ್ತೀಯಾ?”

ಅವಳು ಕಪ್ಪನ್ನು ಕೆಳಗಿಟ್ಟಳು.

“ಇಲ್ಲ,” ಎಂದಳು. “ಕೊಡಲ್ಲ.” ಮತ್ತೆ, “ಭಾನುವಾರ ಊಟಕ್ಕೆ ಬಾ. ಮೇಜಿನ ಮೇಲೆ ಹಾಸಿರ್ತೀನಿ. ನೋಡು,” ಎಂದಳು.

ಹೋದೆ. ತಟ್ಟೆಯನ್ನು ಒಂದು ಪಕ್ಕಕ್ಕೆ ಸರಿಸಿ ಆ ನೀಲಿ ಅಂಚನ್ನು ಮುಟ್ಟಿ ನೋಡಿದೆ. ಒಂದು ಕಡೆ ಎಳೆ ತಪ್ಪಿತ್ತು. ಅಜ್ಜಿಗೆ ಕಣ್ಣು ಮಂಜಾಗಿದ್ದ ಕಾಲದ್ದು ಎಂದು ಅವಳು ಹೇಳಿದಳು, ಮತ್ತು ನನಗೆ ಬಡಿಸಿದಳು.