ಹೆಡರ್ ಬೇರ್ಪಡಿಸುವ ಕತ್ತರಿ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ ಮುಚ್ಚಳ ಬಿಚ್ಚಿದ ಕಂಪ್ಯೂಟರೊಂದು ಗುಂಯ್‌ಗುಡುತ್ತಿದೆ. ಅದರ ಮುಂದೆ ಶಾಲು ಹೊದ್ದು ಕೂತವರನ್ನು ಆಫೀಸಿನವರೆಲ್ಲ ಕರೆಯುವುದು ಕತ್ತರಿ ಅಕ್ಕ ಎಂದು. ಹಾಗಂತ ಇವರು ಕತ್ತರಿಸುವುದು ಬಟ್ಟೆಯನ್ನಲ್ಲ, ಕೂದಲನ್ನೂ ಅಲ್ಲ. ಇಂಟರ್‌ನೆಟ್ಟಿನಲ್ಲಿ ಬರುವ ಪ್ಯಾಕೆಟ್ಟುಗಳನ್ನು!

ಅಯ್ಯೋ, ಇದೆಂಥ ಕೆಲಸ ಅನ್ನಬೇಡಿ. ನಾವು ನೋಡುವ ಚಿತ್ರ, ಕೇಳುವ ದನಿ ಎಲ್ಲವೂ ಚೂರುಚೂರಾಗಿ, ಪ್ಯಾಕೆಟ್ಟುಗಳಾಗಿ ಬರುತ್ತವೆ. ಪ್ರತಿಯೊಂದರ ಮುಂದೆ ವಿಳಾಸ ಹೊತ್ತ ಹೆಡರ್, ಹಿಂದೆ ಸರಕು, ಅಂದರೆ ಚಿತ್ರದ ಅಥವಾ ದನಿಯ ಚೂರು. ಎರಡನ್ನೂ ಬಾಗಿಲಲ್ಲೇ ಬೇರೆ ಮಾಡಿದರೆ ಸರಕು ನೇರ ತನ್ನ ಜಾಗಕ್ಕೆ ಹೋಗುತ್ತದೆ, ಮತ್ತೆ ಮತ್ತೆ ನಕಲು ಮಾಡುವ ಗೋಳಿಲ್ಲ. ಆ ಬಾಗಿಲು ನೆಟ್‌ವರ್ಕ್ ಕಾರ್ಡ್. ಅದನ್ನು ನಡೆಸುವ ಪುಟ್ಟ ಪ್ರೋಗ್ರಾಂ ಡ್ರೈವರ್. ಅದನ್ನು ಬರೆಯುವವರು ಅಕ್ಕ.

"ಏನ್ ಕೆಲ್ಸ ಅಂತ ಯಾರಾದ್ರೂ ಕೇಳಿದ್ರೆ ಕಂಪ್ಯೂಟರ್ ಅಂತೀನಿ, ಅಷ್ಟೇ. ಪೂರ್ತಿ ಹೇಳೋಕೆ ಹೊರಟ್ರೆ ಆಕಳಿಸ್ತಾರೆ" ಎಂದು ನಗುತ್ತಾರೆ.

ಈಚೆಗೆ ಆ ನಗು ಮಾಯವಾಗಿತ್ತು. ಕಿವಿ ಕೇಳದವರು ಕೈಸನ್ನೆಯಲ್ಲಿ ಮಾತಾಡುವ ವಿಡಿಯೋ ಸೇವೆಯೊಂದು ಇವರ ಡ್ರೈವರನ್ನೇ ನಂಬಿದೆ. ಅಲ್ಲಿ ಕೆಲವರ ಚಿತ್ರ ಮಾತ್ರ ಹರಿದು ಹಸಿರಾಗುತ್ತಿತ್ತು. ಕಾರಣ ಸಿಗದಿದ್ದರೆ ಬೇರ್ಪಡಿಸುವ ಏರ್ಪಾಟನ್ನೇ ಕಿತ್ತುಹಾಕೋಣ ಎಂದುಬಿಟ್ಟರು ಮೇಲಿನವರು. ಹಾಗೆ ಮಾಡಿದರೆ ಜನ ಹೆಚ್ಚಿದ ಹೊತ್ತಲ್ಲಿ ಎಲ್ಲರ ಚಿತ್ರವೂ ತಡವರಿಸುತ್ತದೆ, ಕೈಯಲ್ಲಿ ಆಡುವ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅಕ್ಕನ ತಾಯಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ತಮ್ಮ ತಂಗಿಯ, ಅಂದರೆ ಅಕ್ಕನ ಚಿಕ್ಕಮ್ಮನ ಜತೆ ಅವರ ಹರಟೆಯೆಲ್ಲ ಆ ಪರದೆಯಲ್ಲೇ.

ಸುಳಿವು ಕೊಟ್ಟವರೂ ತಾಯಿಯೇ. ಅವರ ಕೈಮಾತನ್ನು ಅಕ್ಕ ನಮಗೆ ಬಿಡಿಸಿ ಹೇಳುತ್ತಾರೆ: "'ನಿನ್ನ ಚಿಕ್ಕಮ್ಮ ಮನೇಲಿದ್ರೆ ಚೆನ್ನಾಗೇ ಕಾಣ್ತಾಳೆ. ಆಫೀಸಿಗೆ ಹೋದ್ರೆ ಸಾಕು, ಹಸಿರಾಗ್ತಾಳೆ. ಅಲ್ಲೇನು ಹುಲ್ಲು ತಿನ್ನಿಸ್ತಾರಾ?' ಅಂದ್ರು ಅಮ್ಮ."

ಆ ಆಫೀಸಿನಿಂದ ಬಂದ ಪ್ಯಾಕೆಟ್ಟು ಬಿಡಿಸಿ ನೋಡಿದ ಅಕ್ಕ ಹಣೆ ಚಚ್ಚಿಕೊಂಡರು. ಅಲ್ಲಿನ ನೆಟ್‌ವರ್ಕ್ ಹೆಡರಿಗೆ ಇನ್ನಷ್ಟು ಮಾಹಿತಿ ಸೇರಿಸಿ ಕಳಿಸುತ್ತಿತ್ತು.

"ಎಲ್ಲಾ ಹೆಡರೂ ಒಂದೇ ಉದ್ದ ಅಂದ್ಕೊಂಡು ಒಂದೇ ಜಾಗದಲ್ಲಿ ಕತ್ತರಿಸ್ತಿದ್ದೆ. ಉದ್ದ ಹೆಡರಿನ ಮಿಕ್ಕ ಬಾಲ ಹೋಗಿ ಚಿಕ್ಕಮ್ಮನ ಮುಖಕ್ಕೆ ಮೆತ್ಕೊಳ್ತಿತ್ತು. ತಾನೆಷ್ಟು ಉದ್ದ ಅಂತ ಹೆಡರೇ ಹೇಳುತ್ತೆ. ಕೇಳೋ ವ್ಯವಧಾನ ನನಗಿರ್ಬೇಕಿತ್ತು."

ಈಗ ಡ್ರೈವರ್ ಮೊದಲು ಉದ್ದ ಓದುತ್ತದೆ, ಆಮೇಲೆ ಕತ್ತರಿಸುತ್ತದೆ. ಇವತ್ತು ಅದರ ಪರೀಕ್ಷೆ. ಚಿಕ್ಕಮ್ಮನಿಗೆ ಬೆಳಗಿನ ಪಾಳಿ, ಆಗಲೇ ಆಫೀಸು ಸೇರಿದ್ದಾರೆ. ಪರದೆ ಮಿನುಗುತ್ತದೆ. ಅಕ್ಕ ಎದ್ದು ನಿಂತು ಬಾಗುತ್ತಾರೆ, ಹಿಂದೆ ಕೂತ ತಾಯಿಯೂ ಕತ್ತು ಚಾಚುತ್ತಾರೆ. ಚಿಕ್ಕಮ್ಮನ ಮುಖ ಮೂಡುತ್ತದೆ, ಬೆರಳುಗಳು ಸರಸರ ಆಡುತ್ತವೆ, ಒಂದೂ ತಪ್ಪುವುದಿಲ್ಲ.

ಫೋನಿನಲ್ಲಿ ಮೇಲಧಿಕಾರಿ. "ಹಸಿರಾಯ್ತಾ?"

"ಇಲ್ಲ ಸರ್."

"ಹಾಗಾದ್ರೆ ಕಿತ್ತುಹಾಕೋದು ಬೇಡ ಬಿಡಿ."

ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ. ಅಷ್ಟರಲ್ಲಿ ತಾಯಿ ತಿರುಗಿ ಏನೋ ಸನ್ನೆ ಮಾಡುತ್ತಾರೆ. ಶಭಾಷ್ ಅಂದರೇ?

"ಎಲ್ಲಿಯ ಶಭಾಷ್! 'ಅಡ್ಡ ನಿಂತಿದ್ದೀಯ, ಪಕ್ಕಕ್ಕೆ ಸರಿ, ನಾವು ಮಾತಾಡ್ಬೇಕು' ಅಂತಿದ್ದಾರೆ" ಎಂದು ಅಕ್ಕ ನಗುತ್ತಾ ಸರಿಯುತ್ತಾರೆ. "ನಡುವೆ ನಾನೊಬ್ಳು ಇದ್ದೀನಿ ಅಂತ ಅವರಿಗೆ ಯಾವತ್ತೂ ನೆನಪಾಗ್ಬಾರ್ದು. ನನಗಿರೋ ಆಸೆ ಅದೊಂದೇ."