ಓಕ್‌ವಿಲ್‌ಗೆ ಕೇಳದ ಮಾತು

ಬೇಸ್‌ಮೆಂಟಿನವರ ಬಲಗಿವಿ ಸದಾ ಕೆಂಪಗಿರುತ್ತಿತ್ತು. ಹೆಡ್‌ಫೋನನ್ನು ಆ ಕಿವಿಗೆ ಒತ್ತಿಕೊಂಡು, ಇನ್ನೊಂದನ್ನು ಬಾಗಿಲ ಕಡೆಗೆ ಬಿಟ್ಟು ಕೂರುತ್ತಿದ್ದರು. ಬಾಗಿಲಿಗೆ ಕಿವಿ ಕೊಟ್ಟು ಕೂತವರು ಒಳ್ಳೆಯ ಕೆಲಸ ಮಾಡುತ್ತಿರುತ್ತಾರೆಯೇ?

ಕೆನಡಾದ ಪಿಕರಿಂಗ್‌ನಲ್ಲಿ ನಮ್ಮ ಮನೆಯ ಕೆಳಗೆ ಬಾಡಿಗೆಗೆ ಬಂದ ಉಡುಪಿ ಕಡೆಯವರು. ಒಂಟಿ. ಹಡಗಿನಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದರಂತೆ. ಅಂತೆ ಅಷ್ಟೇ, ನಾನೇನು ಕಂಡಿದ್ದೆನೇ? ಬಂದ ವಾರವೇ ಹಿತ್ತಲಿನ ಮೇಪಲ್ ಮರದಿಂದ ಬೇಲಿಗೆ ತಂತಿ ಎಳೆದರು. ಮಧ್ಯಾಹ್ನವಾದರೆ ಕೆಳಗಿನಿಂದ ಇಂಗ್ಲಿಷಿನಲ್ಲಿ ಗೊಣಗಾಟ. ಕೇಳಿದರೆ, ಬ್ರೆಜಿಲ್‌ನ ಸ್ನೇಹಿತನೊಡನೆ ಮಾತು ಎನ್ನುತ್ತಿದ್ದರು. ಫೋನಿಲ್ಲ, ಇಂಟರ್‌ನೆಟ್ಟಿಲ್ಲ, ಬರೀ ಆ ತಂತಿ, ಮೇಜಿನ ಮೇಲೊಂದು ರೇಡಿಯೊ ಡಬ್ಬಾ.

“ಅಮ್ಮಾ, ಅದು ಹ್ಯಾಮ್ ರೇಡಿಯೊ, ಹಾಬಿ. ಲೈಸೆನ್ಸ್ ಇದೆ,” ಎಂದ ಮಗ.

“ಲೈಸೆನ್ಸ್ ಇರೋರೆಲ್ಲಾ ಸಾಚಾನಾ?”

ಒಂದು ದಿನ ನಾನೇ ಕೆಳಗಿಳಿದೆ. “ಓಕ್‌ವಿಲ್‌ನಲ್ಲಿ ನಿಮ್ಮ ಫ್ರೆಂಡ್ ಹತ್ರಾನೂ ಇದೇ ಡಬ್ಬಾ ಇದೆಯಂತಲ್ಲ? ಅವರ ಜೊತೆ ಮಾತಾಡಿ ತೋರಿಸಿ. ಆಗಲಿಲ್ಲ ಅಂದ್ರೆ ತಿಂಗಳ ಕೊನೆಗೆ ತಂತಿ ಸುತ್ಕೊಂಡು ಹೊರಡಿ.”

ಕರೆದೇ ಕರೆದರು. ಬರೀ ಸುಂಯ್ ಸದ್ದು. ಬ್ರೆಜಿಲ್‌ನವನು ಮಾತ್ರ ಪಕ್ಕದಲ್ಲೇ ಕೂತ ಹಾಗೆ ನಕ್ಕ.

“ರೈಲಲ್ಲಿ ಹೋಗಿ ಬರೋ ಊರಿಗೆ ಕೇಳಲ್ಲ, ಬ್ರೆಜಿಲ್‌ಗೆ ಕೇಳುತ್ತಾ? ಯಾರ ಕಿವಿಗೆ ಹೂವಿಡ್ತೀರ?”

ಆಮೇಲೆ ನಾನು ಹಿತ್ತಲಲ್ಲಿ ಟೊಮೇಟೊ ಗಿಡಕ್ಕೆ ನೀರು ಬಿಡುತ್ತಿದ್ದಾಗ ಹಿಂದೆಯೇ ಬಂದು, ನನ್ನ ಕೈಯಿಂದ ಪೈಪು ತೆಗೆದುಕೊಂಡು ಮೇಲಕ್ಕೆತ್ತಿದರು. ನೀರು ಟೊಮೇಟೊ ದಾಟಿ ಬೇಲಿಯ ಹತ್ತಿರದ ಕೊತ್ತಂಬರಿಗೆ ಬಿತ್ತು.

“ನೋಡಿ ಅಮ್ಮ, ಹತ್ತಿರದ್ದು ಒಣಗಿಯೇ ಉಂಟು. ಮೇಲೆ ಆಕಾಶದಲ್ಲಿ ಬಿಸಿಲಿಗೆ ಒಂದು ಪದರ ಆಗ್ತದೆ. ನನ್ನ ಮಾತು ಅಲ್ಲಿಗೆ ಹೋಗಿ, ಬಾಗಿ, ದೂರದಲ್ಲಿ ಇಳೀತದೆ. ಓಕ್‌ವಿಲ್‌ನವನ ತಲೆ ಮೇಲಿಂದ ದಾಟಿ ಹೋಗ್ತದೆ ಮಾರಾಯ್ರೆ.”

“ನೀರು ಕಣ್ಣಿಗೆ ಕಾಣುತ್ತೆ. ನಿಮ್ಮ ಪದರ ಎಲ್ಲಿ ಕಾಣುತ್ತೆ? ಪೈಪ್ ಕೊಡಿ ಇಲ್ಲಿ.”

ಮನುಷ್ಯ ನಕ್ಕು, ಸಾಮಾನು ಕಟ್ಟತೊಡಗಿದರು.

ಅದೇ ವಾರ ಒಂದು ಮಧ್ಯಾಹ್ನ ನಾನು ಚಪಾತಿ ಹಿಟ್ಟು ನಾದುತ್ತಿದ್ದೆ. ಬಾಗಿಲಲ್ಲಿ ಪೊಲೀಸರು. ಕೊನೆಗೂ ಸಿಕ್ಕಿಬಿದ್ದರಲ್ಲ ಎಂದು ಖುಷಿಯಿಂದಲೇ ಕೆಳಗಿನ ಮೆಟ್ಟಿಲು ತೋರಿಸಿದೆ.

ಮನುಷ್ಯ ಮೇಜಿನ ಬುಡದಲ್ಲಿ ಬಿದ್ದಿದ್ದರು. ಮಾತಿನ ನಡುವೆ ಎದೆನೋವು ಬಂದಿತ್ತು. ಮಾತು ತೊದಲಿ ನಿಂತದ್ದು ಬ್ರೆಜಿಲ್‌ನವನಿಗೆ ಕೇಳಿಸಿ, ವಿಳಾಸ ಗೊತ್ತಿದ್ದುದರಿಂದ ಅಲ್ಲಿಂದಲೇ ಇಲ್ಲಿನ ಪೊಲೀಸರಿಗೆ ಫೋನ್ ಮಾಡಿದ್ದ. ಅವರ ತಲೆಯ ಮೇಲೇ ಹಿಟ್ಟು ನಾದುತ್ತಿದ್ದ ನನಗೆ ಏನೂ ಕೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಕೇಳಿದರು: “ಈಗ ನಂಬಿಕೆ ಬಂತಾ ಅಮ್ಮ?”

“ಮೊದ್ಲು ಎದ್ದು ಮನೆಗೆ ಬನ್ನಿ. ಆಮೇಲೆ ವಿಚಾರಿಸೋಣ.”

ಬರಲಿಲ್ಲ. ಆಸ್ಪತ್ರೆಯಲ್ಲೇ ತೀರಿಕೊಂಡರು.

ಕೆಳಗೆ ಈಗ ಬೇರೆಯವರಿದ್ದಾರೆ, ಸದ್ದೇ ಮಾಡದವರು. ದಿನಾ ಇಳಿದು ಬಾಗಿಲು ಬಡಿಯುತ್ತೇನೆ. ಮುದುಕಿಗೆ ಎಷ್ಟು ಅನುಮಾನ ಎಂದು ಒಳಗಿನಿಂದ ಗೊಣಗುತ್ತಾರೆ. ಗೊಣಗಲಿ. ಗೊಣಗಿದ್ದು ಕೇಳಿಸಿದ ಮೇಲೆ ನಾನು ಮೇಲೆ ಬರುತ್ತೇನೆ.