ಬಹುಮಾನ ಬಂದ ಅಡುಗೆಮನೆ

ಕೂಡ್ಲಿಗಿಯಲ್ಲಿ ನಮ್ಮದು ಅಂಗಡಿಯ ಹಿಂದಿನ ಸಣ್ಣ ಮನೆ. ಮುಂದೆ ನನ್ನ ಗಂಡ ಪೈಪು, ನಲ್ಲಿ ಮಾರುತ್ತಾರೆ. ಹಿಂದಿನ ಎರಡು ಕೋಣೆಗಳಲ್ಲಿ ನಾವಿಬ್ಬರು ಮತ್ತು ಅತ್ತೆ. ಅಡುಗೆಗೆ ಇದ್ದದ್ದು ಓಣಿಯಂಥ ಕಿರಿದಾದ ಜಾಗ. ದಾವಣಗೆರೆಯಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವ ಮೈದುನ ಒಮ್ಮೆ ಬಂದವನು, "ಇದನ್ನ ನನಗ ಬಿಡ್ರಿ ಅತ್ತಿಗಿ, ಹೆಂಗ್ ಮಾಡ್ತೀನಿ ನೋಡ್ರಿ" ಅಂದ.

ಬಿಟ್ಟೆ. ಕೆಲಸ ಮುಗಿದಾಗ ನಿಜಕ್ಕೂ ಬೆರಗಾದೆ. ಕೈ ಇಟ್ಟಲ್ಲೆಲ್ಲ ಏನೋ ಒಂದು ತೆರೆದುಕೊಳ್ಳುತ್ತಿತ್ತು. ಅವನಿಗೆ ಹೆಚ್ಚು ಹೆಮ್ಮೆ ರೊಟ್ಟಿ ಬಡಿಯುವ ಹಲಗೆಯ ಮೇಲೆ. ಎಳೆದರೆ ಅದು ಒಂದು ಬದಿಯ ಕಪಾಟಿನಿಂದ ಹೊರಬಂದು ಎದುರು ಬದಿಗೆ ಮುಟ್ಟುತ್ತಿತ್ತು. ಕೆಳಗೆ ಹಿಟ್ಟು, ಬೇಳೆ ಡಬ್ಬಿಗಳ ಗೂಡೂ ಅದರೊಡನೆ ಬರುತ್ತಿತ್ತು. ಸಣ್ಣ ಮನೆಗಳ ಅಡುಗೆಮನೆಗೆಂದೇ ನಡೆದ ಸ್ಪರ್ಧೆಯಲ್ಲಿ ಅವನಿಗೆ ಮೊದಲ ಬಹುಮಾನ ಬಂತು.

ಆದರೆ ಹಲಗೆ ಎಳೆದರೆ ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತಿತ್ತು. ಕಿಟಕಿ ಇದ್ದಲ್ಲಿ ಈಗ ತಟ್ಟೆಗಳ ಕಪಾಟು. ರೊಟ್ಟಿ ಮುಗಿಯುವವರೆಗೆ ಒಳಗೆ ನಾನು, ಒಲೆ, ಕಾದ ಹಂಚು. ಪಡಸಾಲೆಯಲ್ಲಿ ಫೋನು ಹೊಡೆದುಕೊಂಡರೆ ಕೇಳುತ್ತ ನಿಲ್ಲಬೇಕು. ಅತ್ತೆ ನೀರು ಕೇಳಿದರೆ ಹಲಗೆಯ ಮೇಲಿಂದ ಚೊಂಬು ಚಾಚಬೇಕು. ಬೆನ್ನಿಗೆ ಸೀರೆ ಅಂಟಿ, ಉಸಿರು ಸಾಲದಂತಾಗುತ್ತಿತ್ತು. ಗಂಡನಿಗೆ ಹೇಳಿದರೆ, "ಊರಿಗೂರೇ ಹೊಗಳಾಕ ಹತ್ತೈತಿ, ನಿನಗೊಬ್ಬಾಕಿಗೆ ತ್ರಾಸು" ಎಂದರು. ಆಮೇಲೆ ಹೇಳುವುದನ್ನೇ ಬಿಟ್ಟೆ.

ಒಂದು ಭಾನುವಾರ ಮೈದುನ ಹಗರಿಬೊಮ್ಮನಹಳ್ಳಿಯ ದಂಪತಿಯನ್ನು ಕರೆತಂದ. ಅವರು ಹೊಸ ಮನೆ ಕಟ್ಟಿಸುತ್ತಿದ್ದರು. ಎಲ್ಲ ತೋರಿಸಿ ಮುಗಿಸಿ, "ಒಂದ್ ರೊಟ್ಟಿ ಬಡದು ತೋರಿಸ್ರಿ ಅತ್ತಿಗಿ" ಅಂದ.

"ಹಲಗಿ ಯಾಕೋ ಬಿಗಿ ಬರ್ತೈತಪ್ಪ, ಇವತ್ತ ಬ್ಯಾಡ."

"ಏನಾಗಲ್ರಿ, ಎಳೀರಿ."

ಎಳೆದೆ. ರೊಟ್ಟಿ ಬಡಿದೆ, ಬೇಯಿಸಿದೆ. ಹೆಂಗಸು ಮುರಿದು ತಿಂದು, "ಚಲೋ ಆಗೈತ್ರಿ" ಅಂದಳು. ಹಲಗೆ ಹಿಂದಕ್ಕೆ ತಳ್ಳಿದರೆ ಅಲುಗಲಿಲ್ಲ. ಜೋಳದ ಹಿಟ್ಟು ಬಿದ್ದು ಬಿದ್ದು ಅದು ಜಾರುವ ಕಬ್ಬಿಣದ ಪಟ್ಟಿ ಕಚ್ಚಿಕೊಂಡಿತ್ತು. ಅಷ್ಟರಲ್ಲಿ ಕರೆಂಟೂ ಹೋಯಿತು. ಹೊಗೆ ಎಳೆಯುವ ಚಿಮಣಿ ನಿಂತಿತು. ಒಲೆ ಆರಿಸಿದೆ, ಸೆಕೆ ಆರಲಿಲ್ಲ.

ಮೈದುನ ಸ್ಕ್ರೂಡ್ರೈವರ್ ಹಿಡಿದು ಮಂಡಿಯೂರಿದ. "ಎಡಕ್ಕ ಒತ್ರಿ. ಅಲ್ಲಲ್ಲ, ಬಲಕ್ಕ." ಬಂದವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗಂಡಸು ಫೋನಿನ ಬೆಳಕು ಹಿಡಿದ. ಹೆಂಗಸು ಮೆಲ್ಲಗೆ, "ಹಿಂಗಾದ್ರ ಹೊರಗ ಹೆಂಗ್ ಬರೋದ್ರಿ?" ಎಂದು ಕೇಳಿದಳು.

"ಹಿಂಗ್ ಆಗೂದ ಇಲ್ರಿ" ಎಂದ ಮೈದುನ, ನಾನು ಅವನೆದುರೇ ಸಿಕ್ಕಿಕೊಂಡಿರುವಾಗ.

ನನಗೆ ಕಪಾಟುಗಳು ಹತ್ತಿರ ಹತ್ತಿರ ಸರಿದಂತೆ ಅನಿಸಿತು. ಅವರನ್ನೆಲ್ಲ ಸರಿಸಿ ಅತ್ತೆ ಮುಂದೆ ಬಂದರು. "ಹತ್ತಿ ಬಾರವ್ವ, ನನ್ನ ಕೈ ಹಿಡಿ" ಅಂದರು.

ನೆರಿಗೆ ಎತ್ತಿ ಸಿಕ್ಕಿಸಿ ಹಲಗೆಯ ಮೇಲೆ ಮಂಡಿ ಇಟ್ಟೆ.

"ಅತ್ತಿಗಿ, ಹಲಗಿ ಮುರೀತೈತ್ರಿ!" ಮೈದುನ ಕೂಗಿದ.

"ಮುರೀಲಿ ಬಿಡಲೇ!" ಅತ್ತೆ ಗದರಿದರು.

ಮುರಿಯಿತು. ನಾನು ಹಿಟ್ಟು ಮೆತ್ತಿದ ಸೀರೆಯಲ್ಲೇ ಆಚೆ ಬಿದ್ದೆ. ಅತ್ತೆಯ ಹಿಡಿತ ತಪ್ಪಲಿಲ್ಲ. ಅಂಗಡಿಯಿಂದ ಗಂಡ ಓಡಿಬಂದು, ನನ್ನ ಮುಖ ನೋಡಿ ನೀರು ತಂದುಕೊಟ್ಟರು.

ನಾಲ್ಕು ದಿನ ಬಿಟ್ಟು ಮೈದುನ ಒಬ್ಬನೇ ಬಂದ. ಮುರಿದ ಹಲಗೆಯ ತುಂಡನ್ನು ಎತ್ತಿ ತಿರುಗಿಸಿ ನೋಡಿದ. ಕೊನೆಗೆ, "ಏನ್ ಮಾಡ್ಲಿ ಹೇಳ್ರಿ" ಎಂದು ಕೇಳಿದ. ಆ ಅಡುಗೆಮನೆಯ ಬಗ್ಗೆ ಅವನು ನನ್ನನ್ನು ಕೇಳಿದ್ದು ಅದೇ ಮೊದಲು. "ದಾರಿ ಮುಚ್ಚಬ್ಯಾಡಪ್ಪ, ಮುಚ್ಚಿದ ಕಿಟಕಿ ತಗಿ" ಅಂದೆ. ಹಲಗೆಯನ್ನು ಕಿತ್ತು ಕಲ್ಲಿನ ಕಟ್ಟೆಯನ್ನೇ ತುಸು ಅಗಲ ಮಾಡಿಕೊಟ್ಟ. ಕಿಟಕಿ ಮಾತ್ರ ಆಗಲಿಲ್ಲ. ಆಚೆ ಅಷ್ಟರಲ್ಲಾಗಲೇ ಪಕ್ಕದವರ ಗೋಡೆ ಎದ್ದಿತ್ತು.

ಈಗಲೂ ಜನ ನೋಡಲು ಬರುತ್ತಾರೆ, ಬಹುಮಾನದ ಹಲಗೆ ಎಲ್ಲಿ ಎಂದು ಕೇಳುತ್ತಾರೆ. ಮುರಿದುಹೋಯಿತು ಅನ್ನುತ್ತೇನೆ. ಅವರು ಬಾಗಿಲಿಗೆ ಅಡ್ಡ ನಿಂತು ಮಾತಾಡುವಷ್ಟು ಹೊತ್ತೂ ನನ್ನ ಕಣ್ಣು ಅವರ ಪಕ್ಕದಲ್ಲಿ ಉಳಿದ ಜಾಗವನ್ನೇ ಅಳೆಯುತ್ತಿರುತ್ತದೆ.